ವಾರ್ಡಿನಲ್ಲಿ ಮೊದಲು ಯಾರ ಹತ್ತಿರ ಹೋಗಬೇಕು, ಯಾವ ಕೆಲಸ ಯಾರಿಗೆ ಕೊಡಬೇಕು

ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಹಿಡಿದುಕೊಂಡಾಗ ಕಾಸರಗೋಡು ಜಿಲ್ಲೆಯ ಆಸ್ಪತ್ರೆಗಳಲ್ಲಿ ವಾರ್ಡು ತುಂಬುತ್ತದೆ. ಡೆಂಗ್ಯೂ, ಇಲಿಜ್ವರ, ಹಾವು ಕಚ್ಚಿ ನಿಗಾದಲ್ಲಿರುವವರು, ಅಡಿಕೆಗೆ ಮದ್ದು ಬಿಡಲು ಮರ ಹತ್ತಿ ಬಿದ್ದವರು, ಥಂಡಿಗೆ ಉಸಿರು ಕಟ್ಟಿದ ಅಜ್ಜಂದಿರು ಒಂದೇ ವಾರದಲ್ಲಿ ಬಂದು ಮಲಗುತ್ತಾರೆ. 24 ಹಾಸಿಗೆಗೆ ಇಬ್ಬರು ಸಿಸ್ಟರ್, ಒಬ್ಬ ನರ್ಸಿಂಗ್ ಅಸಿಸ್ಟೆಂಟ್, ಒಬ್ಬ ಅಟೆಂಡರ್ ಇರುವ ಒಂದು ಸಂಜೆ ಡ್ಯೂಟಿಯನ್ನು ಎದುರಿಗಿಟ್ಟುಕೊಂಡು ಈ ಬರಹ. ಮೊದಲ ಸಲ ಡ್ಯೂಟಿ ಇನ್‌ಚಾರ್ಜ್ ಆಗುವವರಿಗೆ ಇದು ಹೆಚ್ಚು ಬೇಕಾದೀತು.

ಎರಡು ನಿಯಮಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ರೋಗಿಯನ್ನು ಕಣ್ಣಾರೆ ನೋಡದೆ ಕೆಲಸ ಹಂಚಬಾರದು. ಯಾವ ಲೆಕ್ಕ ಕಂಡರೆ ನಿಮ್ಮನ್ನು ಕರೆಯಬೇಕು ಎಂದು ಹೇಳದೆ ಯಾವ ಕೆಲಸವನ್ನೂ ಯಾರಿಗೂ ಒಪ್ಪಿಸಬಾರದು. ವಾರ್ಡಿನಲ್ಲಿ ಕೈತಪ್ಪುವ ಹೆಚ್ಚಿನ ಸಂಗತಿಗಳು ಇವೆರಡರಲ್ಲಿ ಒಂದನ್ನು ಬಿಟ್ಟಲ್ಲೇ ಶುರುವಾಗುತ್ತವೆ.

ಡ್ಯೂಟಿ ಹಿಡಿದ ಮೊದಲ 20 ನಿಮಿಷ

ಮೇಜಿನ ಹತ್ತಿರ ನಿಂತು ರಿಜಿಸ್ಟರ್ ಓದಿಸಿಕೊಂಡು ಹ್ಯಾಂಡೋವರ್ ತೆಗೆದುಕೊಳ್ಳಬೇಡಿ. ಹೊರಡುವ ಸಿಸ್ಟರ್ ಜೊತೆ ಬೆಡ್‌ನಿಂದ ಬೆಡ್‌ಗೆ ನಡೆಯಿರಿ. ಒಂದು ಬೆಡ್‌ಗೆ ಅರ್ಧ ನಿಮಿಷವೆಂದರೂ 24 ಬೆಡ್‌ಗೆ 12 ನಿಮಿಷ. ಆ ಅರ್ಧ ನಿಮಿಷದಲ್ಲಿ ನೋಡಬೇಕಾದದ್ದು ಇಷ್ಟು: ಮುಖದ ಬಣ್ಣ, ಎದೆ ಏರಿಳಿಯುವ ರೀತಿ, ಮುಟ್ಟಿದರೆ ಕೈ ಬಿಸಿಯೋ ತಣ್ಣಗೋ, ಡ್ರಿಪ್ ಓಡುತ್ತಿದೆಯೋ, ಆಕ್ಸಿಜನ್ ಎಷ್ಟು ಲೀಟರಿನಲ್ಲಿದೆ, ಮೂತ್ರದ ಬ್ಯಾಗಿನಲ್ಲಿ ಏನಿದೆ. “ಹೇಗಿದ್ದೀರಿ?” ಎಂದು ಕೇಳಿ ಪೂರ್ತಿ ವಾಕ್ಯ ಬರುವವರೆಗೆ ಕಾಯಿರಿ. ಉಸಿರು ಕಟ್ಟದೆ, ತಡವರಿಸದೆ ಒಂದು ವಾಕ್ಯ ಹೇಳಿದವರ ಶ್ವಾಸನಾಳ, ಉಸಿರು, ಮಿದುಳು ಮೂರೂ ಆ ಹೊತ್ತಿಗೆ ಸುಮಾರಾಗಿ ಸರಿ ಇವೆ.

ಕೈಯಲ್ಲಿ ಮಡಚಿದ ಒಂದು ಹಾಳೆ ಇರಲಿ. ಅದರಲ್ಲಿ ಮೂರು ಕಂಬಸಾಲು: ಈಗಲೇ, ಈ ಗಂಟೆಯೊಳಗೆ, ಹೊತ್ತು ಗೊತ್ತಿರುವ ಕೆಲಸ. ನಡೆಯುತ್ತಾ ಬೆಡ್ ನಂಬರುಗಳನ್ನು ಆಯಾ ಸಾಲಿಗೆ ಹಾಕುತ್ತ ಹೋಗಿ. ಬೆಡ್ ನಂಬರಿನ ಕ್ರಮದಲ್ಲಿ ಕೆಲಸ ಮಾಡುವ ಅಭ್ಯಾಸವಿದ್ದರೆ ಬಿಡಬೇಕು. 1ನೇ ಬೆಡ್‌ನಿಂದ ಇಂಜೆಕ್ಷನ್ ಶುರು ಮಾಡಿ 20ಕ್ಕೆ ಮುಟ್ಟುವಾಗ ಒಂದೂವರೆ ಗಂಟೆ ಕಳೆದಿರುತ್ತದೆ. ಕೆಡುವ ರೋಗಿ 1ರಲ್ಲೇ ಇರಬೇಕೆಂದೇನಿಲ್ಲ.

ಉಳಿದ ಹೊತ್ತಿನಲ್ಲಿ ಎಮರ್ಜೆನ್ಸಿ ಟ್ರಾಲಿ ನೋಡಿ: ಅಂಬು ಬ್ಯಾಗಿಗೆ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಮಾಸ್ಕ್ ಇದೆಯೇ, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬೆಳಕು ಹತ್ತುತ್ತದೆಯೇ, ಅಡ್ರಿನಲಿನ್ ಎಷ್ಟಿದೆ, ಸಿಲಿಂಡರಿನ ಕೀಲಿ ಎಲ್ಲಿದೆ. ಕಫ ಎಳೆಯುವ ಸಕ್ಷನ್ ಮಷೀನ್ ಸದ್ದು ಮಾಡಿದರೆ ಸಾಲದು. ಟ್ಯೂಬಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದಾಗ ಗೇಜಿನ ಮುಳ್ಳು ಏರಬೇಕು. ಏರದಿದ್ದರೆ ಜಾರಿನ ಮುಚ್ಚಳ ಸಡಿಲವಾಗಿದೆ, ಇಲ್ಲವೇ ಟ್ಯೂಬ್ ಎಲ್ಲೋ ಬಿರಿದಿದೆ.

ಅಂಕ ಹಾಕುವುದು

ಕಣ್ಣಂದಾಜಿನ ಜೊತೆ ಒಂದು ಲೆಕ್ಕವೂ ಬೇಕು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ, ರೋಗಿ ಕೆಡುತ್ತಿರುವುದನ್ನು ಮೊದಲೇ ಎಚ್ಚರಿಸುವ ‘ನ್ಯೂಸ್ 2’ ಅಂಕಪಟ್ಟಿಗೆ ಯಂತ್ರ, ಲ್ಯಾಬ್ ಏನೂ ಬೇಡ; ಬಿಪಿ ಉಪಕರಣ, ಥರ್ಮಾಮೀಟರ್, ಪಲ್ಸ್ ಆಕ್ಸಿಮೀಟರ್, ಕೈಗಡಿಯಾರ ಸಾಕು. 16 ವರ್ಷಕ್ಕಿಂತ ಚಿಕ್ಕವರಿಗೂ ಗರ್ಭಿಣಿಯರಿಗೂ ಇದನ್ನು ಬಳಸಬಾರದು.

ಉಸಿರಾಟ ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ, 9–11 ಇದ್ದರೆ 1, 21–24 ಇದ್ದರೆ 2, 8 ಅಥವಾ ಕಡಿಮೆ ಇಲ್ಲವೇ 25 ಅಥವಾ ಹೆಚ್ಚು ಇದ್ದರೆ 3. ಆಕ್ಸಿಜನ್ ಮಟ್ಟ 96 ಅಥವಾ ಮೇಲಿದ್ದರೆ ಸೊನ್ನೆ, 94–95ಕ್ಕೆ 1, 92–93ಕ್ಕೆ 2, 91 ಅಥವಾ ಕೆಳಗೆ 3. ಆಕ್ಸಿಜನ್ ಕೊಡುತ್ತಿದ್ದರೆ ಅದಕ್ಕೇ 2 ಸೇರಿಸಿ. ಬಿಪಿಯ ಮೇಲಿನ ಅಂಕಿ 111ರಿಂದ 219 ಇದ್ದರೆ ಸೊನ್ನೆ, 101–110ಕ್ಕೆ 1, 91–100ಕ್ಕೆ 2, 90 ಅಥವಾ ಕೆಳಗೆ 3. 220 ಅಥವಾ ಮೇಲಿದ್ದರೂ 3. ನಾಡಿ 51–90 ಇದ್ದರೆ ಸೊನ್ನೆ, 41–50 ಅಥವಾ 91–110ಕ್ಕೆ 1, 111–130ಕ್ಕೆ 2, 40 ಅಥವಾ ಕೆಳಗೆ ಇಲ್ಲವೇ 131 ಅಥವಾ ಮೇಲೆ 3. ಎಚ್ಚರವಾಗಿದ್ದು ಸರಿಯಾಗಿ ಮಾತಾಡಿದರೆ ಸೊನ್ನೆ. ಹೊಸದಾಗಿ ಗೊಂದಲ ಕಂಡರೆ, ಕರೆದರೆ ಅಥವಾ ಚಿವುಟಿದರೆ ಮಾತ್ರ ಸ್ಪಂದಿಸಿದರೆ, ಸ್ಪಂದಿಸದೇ ಇದ್ದರೆ 3. ಮೈಬಿಸಿ 36.1ರಿಂದ 38.0 ಡಿಗ್ರಿ ಸೆಲ್ಸಿಯಸ್ ಇದ್ದರೆ ಸೊನ್ನೆ, 35.1–36.0 ಅಥವಾ 38.1–39.0ಕ್ಕೆ 1, 39.1 ಅಥವಾ ಮೇಲೆ 2, 35.0 ಅಥವಾ ಕೆಳಗೆ 3.

ಒಟ್ಟು ಸೊನ್ನೆ ಬಂದರೆ 12 ಗಂಟೆಗೊಮ್ಮೆ ನೋಡಿದರೆ ನಡೆಯುತ್ತದೆ. 1ರಿಂದ 4 ಬಂದರೆ 4–6 ಗಂಟೆಗೊಮ್ಮೆ. ಯಾವುದಾದರೂ ಒಂದಕ್ಕೇ 3 ಬಂದರೆ, ಅಥವಾ ಒಟ್ಟು 5–6 ಆದರೆ ಗಂಟೆಗೊಮ್ಮೆ ನೋಡಬೇಕು, ಡಾಕ್ಟರಿಗೆ ತಿಳಿಸಬೇಕು. 7 ಅಥವಾ ಮೇಲಿದ್ದರೆ ತುರ್ತು. ಬಿಡದೆ ನಿಗಾ ಇಡಬೇಕು.

ಇದರಲ್ಲಿ ಅತಿ ಹೆಚ್ಚು ಕೆಡುವುದು ಉಸಿರಾಟದ ಲೆಕ್ಕ. ಕೇಸ್‌ಶೀಟಿನ ತುಂಬ 18, 20, 18, 20 ಎಂದೇ ಇದ್ದರೆ ಯಾರೂ ಎಣಿಸಿಲ್ಲ ಎಂದೇ ತಿಳಿಯಿರಿ. ರೋಗಿ ಕೆಡುವ ಮೊದಲು ಬದಲಾಗುವ ಅಂಕಿಗಳಲ್ಲಿ ಉಸಿರಾಟ ಮುಂಚೂಣಿಯದು. ಅದನ್ನೇ ಊಹಿಸಿ ಬರೆದರೆ ಉಳಿದ ಲೆಕ್ಕಕ್ಕೆ ಬೆಲೆ ಇರುವುದಿಲ್ಲ. ನಾಡಿ ಹಿಡಿದ ಹಾಗೆ ಮಣಿಕಟ್ಟು ಹಿಡಿದುಕೊಂಡು, ರೋಗಿಗೆ ಗೊತ್ತಾಗದಂತೆ, ಪೂರ್ತಿ ಒಂದು ನಿಮಿಷ ಎಣಿಸಬೇಕು. ನರ್ಸಿಂಗ್ ವಿದ್ಯಾರ್ಥಿಗಳಿಗೆ ಈ ಕೆಲಸ ಕೊಟ್ಟರೆ ಮೊದಲ ಎರಡು ಬೆಡ್‌ನಲ್ಲಿ ಪಕ್ಕದಲ್ಲಿ ನಿಂತು ನೀವೂ ಎಣಿಸಿ ತಾಳೆ ನೋಡಿ.

ಅಂಕ ಕಡಿಮೆ, ಅಪಾಯ ಹೆಚ್ಚು

ಅಂಕಪಟ್ಟಿ ನೆರವಿಗೆ ಇರುವುದು, ತೀರ್ಮಾನ ನಿಮ್ಮದೇ. ಸಂಜೆ ಡ್ಯೂಟಿ ಹಿಡಿಯುವಾಗ ವಾರ್ಡು ಹೀಗಿದೆ ಎಂದಿಟ್ಟುಕೊಳ್ಳಿ.

3ನೇ ಬೆಡ್: ಡೆಂಗ್ಯೂ, 28 ವರ್ಷದ ಹುಡುಗ, ಐದನೇ ದಿನ. ಬೆಳಿಗ್ಗೆ ಜ್ವರ ಬಿಟ್ಟಿದೆ. “ಹುಷಾರಾಗಿದ್ದೇನೆ ಸಿಸ್ಟರ್, ಹೊಟ್ಟೆ ಸ್ವಲ್ಪ ನೋವು” ಎನ್ನುತ್ತಾನೆ. ಬಿಪಿ 100/84, ನಾಡಿ 112, ಉಸಿರಾಟ 20, ಆಕ್ಸಿಜನ್ 98, ಮೈಬಿಸಿ 36.8.
7ನೇ ಬೆಡ್: ಹಳೆಯ ಶ್ವಾಸಕೋಶದ ಕಾಯಿಲೆಯ 68 ವರ್ಷದ ಅಜ್ಜ, 2 ಲೀಟರ್ ಆಕ್ಸಿಜನ್‌ನಲ್ಲಿ 90 ತೋರಿಸುತ್ತಿದೆ, ಆರಾಮವಾಗಿ ಮಲಗಿದ್ದಾರೆ.
11ನೇ ಬೆಡ್: ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು. ಮಧ್ಯಾಹ್ನ ಇನ್ಸುಲಿನ್ ಕೊಟ್ಟಿದೆ, ಊಟ ಸರಿ ಸೇರಿಲ್ಲ. ಬೆವರುತ್ತಿದ್ದಾರೆ, ಸಕ್ಕರೆ 62.
14ನೇ ಬೆಡ್: ಪಾರ್ಶ್ವವಾಯು, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆ) ಇದೆ, ಮಗ್ಗುಲು ಬದಲಿಸುವ ಹೊತ್ತು ಮೀರಿದೆ.
18ನೇ ಬೆಡ್: ಡಿಸ್‌ಚಾರ್ಜ್ ಆಗಿದೆ. ಪೆರ್ಲದ ಬಸ್ಸು ತಪ್ಪುತ್ತದೆ ಎಂದು ಮನೆಯವರು ಮೇಜಿನ ಹತ್ತಿರ ನಿಂತು ಜೋರು ಮಾಡುತ್ತಿದ್ದಾರೆ.
20ನೇ ಬೆಡ್: ಇಲಿಜ್ವರ, 60 ಕಿಲೋ ತೂಕ. ಉಸಿರಾಟ 24, ಆಕ್ಸಿಜನ್ 95, ಬಿಪಿ 108, ನಾಡಿ 104, ಮೈಬಿಸಿ 38.4. ಕಳೆದ 6 ಗಂಟೆಯಲ್ಲಿ ಮೂತ್ರ 90 ಮಿಲಿ. ಪೆನಿಸಿಲಿನ್ ಕೊಡುವ ಹೊತ್ತಾಗಿದೆ.
22ನೇ ಬೆಡ್: ಹಾವು ಕಚ್ಚಿ ಕ್ಯಾಜುವಾಲ್ಟಿಯಿಂದ ಈಗಷ್ಟೇ ನಿಗಾಕ್ಕೆಂದು ಬಂದವರು.

ಅಂಕ ಹಾಕಿದರೆ 3ನೇ ಬೆಡ್‌ನ ಹುಡುಗನಿಗೆ ಬರುವುದು ಬಿಪಿಗೆ 2, ನಾಡಿಗೆ 2, ಒಟ್ಟು 4. ಪಟ್ಟಿಯ ಪ್ರಕಾರ 4 ಗಂಟೆ ಬಿಟ್ಟು ನೋಡಿದರೂ ಆಯಿತು. ಆದರೆ ಎಲ್ಲರಿಗಿಂತ ಮೊದಲು ಹೋಗಬೇಕಾದದ್ದು ಅವನ ಹತ್ತಿರವೇ. ಬಿಪಿಯ ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ನಡುವೆ ಇರುವುದು 16. ಡೆಂಗ್ಯೂನಲ್ಲಿ ಈ ಅಂತರ 20 ಅಥವಾ ಅದಕ್ಕಿಂತ ಕಡಿಮೆ ಆಯಿತೆಂದರೆ ಶಾಕ್, ಅಂದರೆ ರಕ್ತದ ಓಟ ಕುಸಿಯುವುದು, ಶುರುವಾಗಿದೆ ಎಂದೇ ಲೆಕ್ಕ. ರಕ್ತನಾಳದಿಂದ ಪ್ಲಾಸ್ಮಾ (ರಕ್ತದ ನೀರಿನಂಶ) ಸೋರಿ ಹೋಗುತ್ತಿರುತ್ತದೆ; ದೇಹ ನಾಳಗಳನ್ನು ಬಿಗಿಮಾಡಿ ಬಿಪಿಯನ್ನು ಹೇಗೋ ಹಿಡಿದಿಟ್ಟಿರುತ್ತದೆ, ಹಾಗಾಗಿ ಕೆಳಗಿನ ಅಂಕಿ ಏರುತ್ತದೆ, ಕೈಕಾಲು ತಣ್ಣಗಾಗುತ್ತದೆ, ಮೇಲಿನ ಅಂಕಿ ಕೊನೆಗೆ ಒಮ್ಮೆಲೇ ಬೀಳುತ್ತದೆ. ಸೋರಿಕೆಯ ಈ 24–48 ಗಂಟೆ ಬರುವುದು ಜ್ವರ ಇಳಿಯುವ ಹೊತ್ತಿನಲ್ಲೇ. ಆದ್ದರಿಂದ “ಜ್ವರ ಬಿಟ್ಟಿತು” ಎಂಬ ಕಾರಣಕ್ಕೆ ಡೆಂಗ್ಯೂ ರೋಗಿಯನ್ನು ಪಟ್ಟಿಯಲ್ಲಿ ಕೆಳಗೆ ತಳ್ಳಬೇಡಿ. ಜ್ವರ ಬಿಟ್ಟ ದಿನ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಇವುಗಳಲ್ಲಿ ಒಂದು ಕಂಡರೂ ಅವರ ಬೆಡ್ ನಂಬರ್ ಮೊದಲ ಕಂಬಸಾಲಿಗೆ ಬರಬೇಕು.

ನೀವು 3ಕ್ಕೆ ಹೋಗುವ ಅದೇ ಹೊತ್ತಿಗೆ ಇನ್ನೊಬ್ಬ ಸಿಸ್ಟರ್ 11ಕ್ಕೆ ಹೋಗಬೇಕು. ಎಚ್ಚರವಿದ್ದು ನುಂಗುತ್ತಾರಾದರೆ 15 ಗ್ರಾಂ ಗ್ಲುಕೋಸ್, ಅಂದರೆ ಸುಮಾರು 3 ಟೀ ಚಮಚ, ನೀರಿನಲ್ಲಿ ಕದಡಿ ಕುಡಿಸಿ 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡುವುದು. ಎರಡು ನಿಮಿಷದ ಕೆಲಸ. ತಡಮಾಡಿದರೆ ರೋಗಿ ಎಚ್ಚರ ತಪ್ಪಿ ಇಡೀ ವಾರ್ಡನ್ನೇ ಒಂದು ಗಂಟೆ ಕಟ್ಟಿಹಾಕುತ್ತಾರೆ. ಬೇಗ ಕೆಡುವುದು ಮತ್ತು ಬೇಗ ಸರಿಯಾಗುವುದು, ಎರಡೂ ಸೇರಿದ ಕೆಲಸವನ್ನು ಎಂದೂ ಮುಂದಕ್ಕೆ ಹಾಕಬೇಡಿ.

ಅದರ ಬೆನ್ನಿಗೆ 20ನೇ ಬೆಡ್. ಅಂಕ ಒಟ್ಟು 6. ಗಂಟೆಗೆ ಕಿಲೋಗೆ ಅರ್ಧ ಮಿಲಿ ಎಂದರೂ 6 ಗಂಟೆಗೆ 180 ಮಿಲಿ ಮೂತ್ರ ಬರಬೇಕಿತ್ತು, ಅರ್ಧ ಬಂದಿದೆ. ಕಿಡ್ನಿಗೆ ಪೆಟ್ಟು ಬೀಳುತ್ತಿದೆ. ಕೆಮ್ಮಿನಲ್ಲಿ ರಕ್ತ ಬಂದಿದೆಯೇ ಎಂದು ಬಾಯಿಬಿಟ್ಟು ಕೇಳಿ. ಇಲಿಜ್ವರದಲ್ಲಿ ಶ್ವಾಸಕೋಶದೊಳಗೆ ರಕ್ತ ಸೋರಿದರೆ ಸಮಯವೇ ಸಿಗುವುದಿಲ್ಲ. ಡಾಕ್ಟರಿಗೆ ಹೇಳಿ, ಪೆನಿಸಿಲಿನ್ ಹೊತ್ತು ತಪ್ಪಿಸಬೇಡಿ.

22ನೇ ಬೆಡ್‌ನವರು ಈಗ ಚೆನ್ನಾಗಿದ್ದಾರೆ, ಆದರೂ ಮೊದಲ ತಪಾಸಣೆ ಸಿಸ್ಟರೇ ಮಾಡಬೇಕು: ರೆಪ್ಪೆ ಜೋತಿದೆಯೇ, ನುಂಗಲು ಕಷ್ಟವೇ, ವಸಡು ಅಥವಾ ಕಚ್ಚಿದ ಜಾಗದಲ್ಲಿ ರಕ್ತ ನಿಲ್ಲುತ್ತಿಲ್ಲವೇ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ. ಆ ಎಣಿಕೆ ಗಂಟೆಯಿಂದ ಗಂಟೆಗೆ ಇಳಿಯುತ್ತಿದ್ದರೆ ಉಸಿರಾಟದ ಸ್ನಾಯು ಸೋಲುತ್ತಿದೆ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ 2 ಮಿಲಿ ರಕ್ತ, ಹೊಸ ಒಣ ಗಾಜಿನ ಟ್ಯೂಬ್. ಪ್ಲಾಸ್ಟಿಕ್ ಟ್ಯೂಬ್ ಅಥವಾ ಸೋಪಿನಲ್ಲಿ ತೊಳೆದ ಗಾಜು ಬಳಸಿದರೆ ವಿಷವಿಲ್ಲದ ರಕ್ತವೂ ಹೆಪ್ಪುಗಟ್ಟದೆ ತಪ್ಪು ಉತ್ತರ ಬರುತ್ತದೆ. ಟ್ಯೂಬ್ ಇಟ್ಟ ಕಡೆ “ಮುಟ್ಟಬೇಡಿ, 2.40ಕ್ಕೆ ನೋಡುವುದು” ಎಂದು ಚೀಟಿ ಅಂಟಿಸಿ. ಯಾರೋ ಒಬ್ಬರು ನಡುವೆ ಎತ್ತಿ ಅಲುಗಾಡಿಸುವುದು ಮಾಮೂಲು.

7ನೇ ಬೆಡ್‌ನ ಅಜ್ಜನಿಗೆ 90 ಎಂಬುದು ಗಾಬರಿಯ ಅಂಕಿಯಲ್ಲ. ಇಂಗಾಲದ ಡೈಆಕ್ಸೈಡ್ ಕಟ್ಟಿಕೊಳ್ಳುವ ಇಂಥ ರೋಗಿಗಳಿಗೆ ಡಾಕ್ಟರು ಗುರಿಯನ್ನು 88–92 ಎಂದು ಬರೆದಿರುತ್ತಾರೆ. ಅಪಾಯ ಇನ್ನೊಂದು ಕಡೆಯಿಂದ ಬರುತ್ತದೆ. ಮೊಮ್ಮಗ ಬಂದು “ಅಜ್ಜನಿಗೆ ಗಾಳಿ ಸಾಲದು” ಎಂದು ಫ್ಲೋಮೀಟರನ್ನು 6ಕ್ಕೆ ತಿರುಗಿಸುತ್ತಾನೆ, ಮೀಟರಿನಲ್ಲಿ 98 ಬರುತ್ತದೆ, ಎಲ್ಲರಿಗೂ ಸಮಾಧಾನ, ಅಜ್ಜ ಮಂಪರಿಗೆ ಹೋಗುತ್ತಾರೆ. ಅಂಕಪಟ್ಟಿಯಲ್ಲಿ ಇಂಥವರಿಗೆಂದೇ ಬೇರೆ ಸಾಲು ಇದೆ. ಅದರಲ್ಲಿ ಆಕ್ಸಿಜನ್ ಕೊಡುವಾಗ 97 ಅಥವಾ ಮೇಲೆ ಬಂದರೆ ಅದಕ್ಕೇ 3 ಅಂಕ. ಫ್ಲೋಮೀಟರಿನ ಪಕ್ಕ ಪ್ಲಾಸ್ಟರ್ ಅಂಟಿಸಿ “2 ಲೀಟರ್. ತಿರುಗಿಸಬೇಡಿ” ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ.

18ನೇ ಬೆಡ್‌ನವರ ದನಿ ಇಡೀ ವಾರ್ಡಿಗೆ ಕೇಳುತ್ತಿದೆ, ಆದರೆ ಕಾಯಬಹುದಾದ ಕೆಲಸ ಅದೊಂದೇ. ಹಾಗೆಂದು ಕಡೆಗಣಿಸಬೇಡಿ. “ಅಣ್ಣ, ಒಬ್ಬರಿಗೆ ತುಂಬ ಸೀರಿಯಸ್ ಇದೆ. ಮೂರು ಗಂಟೆಯೊಳಗೆ ನಾನೇ ಬಂದು ಮಾತ್ರೆ ವಿವರಿಸಿ ಕಳುಹಿಸುತ್ತೇನೆ” ಎಂದು ಹೊತ್ತು ಕೊಟ್ಟು ಹೇಳಿ, ಆ ಹೊತ್ತಿಗೆ ಹೋಗಿ. ಬಿಲ್, ಔಷಧಿ ತರುವುದು, ಗಾಲಿಕುರ್ಚಿ ಇವನ್ನು ಅಟೆಂಡರಿಗೆ ಒಪ್ಪಿಸಿದರೆ ನಿಮಗೆ ಉಳಿಯುವುದು ಐದು ನಿಮಿಷದ ಮಾತು ಮಾತ್ರ.

ಕೆಲಸ ಒಪ್ಪಿಸುವ ರೀತಿ

ನರ್ಸಿಂಗ್ ಪಾಠದಲ್ಲಿ ಐದು ‘ಸರಿ’ಗಳನ್ನು ಓದಿರುತ್ತೀರಿ: ಸರಿಯಾದ ಕೆಲಸ, ಸರಿಯಾದ ಸನ್ನಿವೇಶ, ಸರಿಯಾದ ವ್ಯಕ್ತಿ, ಸರಿಯಾದ ಸೂಚನೆ, ಸರಿಯಾದ ಮೇಲ್ವಿಚಾರಣೆ. ವಾರ್ಡಿನಲ್ಲಿ ಬಿಟ್ಟುಹೋಗುವುದು ಎರಡನೆಯದು ಮತ್ತು ನಾಲ್ಕನೆಯದು. ಗಂಜಿ ಕುಡಿಸುವುದು ಅಟೆಂಡರ್ ಮಾಡುವ ಕೆಲಸವೇ. ಆದರೆ ನಿನ್ನೆ ಪಾರ್ಶ್ವವಾಯು ಹೊಡೆದವರಿಗೆ, ನುಂಗುವ ಶಕ್ತಿ ಪರೀಕ್ಷೆ ಆಗುವ ಮೊದಲು ಅದೇ ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಲಸ ಅದೇ, ರೋಗಿ ಬೇರೆ, ಆಗ ಉತ್ತರವೂ ಬೇರೆ.

ಸೂಚನೆಯಲ್ಲಿ ನಾಲ್ಕು ಸಂಗತಿ ಇರಲೇಬೇಕು: ಏನು, ಯಾವ ಬೆಡ್, ಎಷ್ಟು ಹೊತ್ತಿಗೊಮ್ಮೆ, ಯಾವ ಅಂಕಿ ಕಂಡರೆ ಓಡಿಬರಬೇಕು. “20ನೇ ಬೆಡ್ ಸ್ವಲ್ಪ ನೋಡಿಕೊಳ್ಳಿ ಅಕ್ಕ” ಎಂದರೆ ಏನೂ ಹೇಳಿದಂತಾಗಲಿಲ್ಲ. ಹೀಗೆ ಹೇಳಿ: “ಅಕ್ಕ, 20ನೇ ಬೆಡ್‌ನವರ ಮೂತ್ರದ ಬ್ಯಾಗ್ ಗಂಟೆಗೊಮ್ಮೆ ಅಳೆದು ಈ ಹಾಳೆಯಲ್ಲಿ ಬರೆಯಿರಿ. ಒಂದು ಗಂಟೆಯಲ್ಲಿ 30 ಮಿಲಿಗಿಂತ ಕಡಿಮೆ ಬಂದರೆ, ಇಲ್ಲ ಕೆಂಪು ಬಣ್ಣ ಕಂಡರೆ, ನಾನು ಎಲ್ಲಿದ್ದರೂ ಬಂದು ಹೇಳಿ. ಈಗ ಒಮ್ಮೆ ಹೇಳಿ, ಎಷ್ಟಕ್ಕಿಂತ ಕಡಿಮೆ ಆದರೆ ಕರೆಯುತ್ತೀರಿ?” ಅವರು “30” ಎಂದ ಮೇಲೆಯೇ ಅಲ್ಲಿಂದ ಹೊರಡಿ. ಪರೀಕ್ಷೆ ಮಾಡಿದಂತೆ ಅನ್ನಿಸಬಾರದೆಂದಿದ್ದರೆ ಎಲ್ಲರಿಗೂ, ಜೊತೆ ಸಿಸ್ಟರಿಗೂ, ಇದೇ ಕ್ರಮ ಇಟ್ಟುಕೊಳ್ಳಿ. ವಾರದೊಳಗೆ ವಾರ್ಡಿನ ರೂಢಿಯಾಗುತ್ತದೆ.

ಒಪ್ಪಿಸಿದ ಕೆಲಸದ ಗತಿ ಕಣ್ಣಿಗೆ ಕಾಣುವಂತೆ ಮಾಡುವುದು ಇನ್ನೊಂದು ಉಪಾಯ. ಡ್ರಿಪ್ ಬಾಟಲಿಯ ಉದ್ದಕ್ಕೆ ಒಂದು ಪಟ್ಟಿ ಪ್ಲಾಸ್ಟರ್ ಅಂಟಿಸಿ, 500 ಮಿಲಿ 4 ಗಂಟೆಗೆ ಎಂದಿದ್ದರೆ 125 ಮಿಲಿಗೊಂದು ಗೆರೆ ಎಳೆದು ಪಕ್ಕದಲ್ಲಿ 3, 4, 5, 6 ಗಂಟೆ ಎಂದು ಬರೆಯಿರಿ. ಹನಿ ಎಣಿಸಲು ಬಾರದವರಿಗೂ ನೀರು ಗೆರೆಗಿಂತ ಕೆಳಗಿದೆಯೋ ಮೇಲಿದೆಯೋ ಗೊತ್ತಾಗುತ್ತದೆ. ಮಿಲಿಗೆ 20 ಹನಿಯ ಸೆಟ್ ಆದರೆ ಈ ವೇಗಕ್ಕೆ ನಿಮಿಷಕ್ಕೆ 42 ಹನಿ. ಸೆಟ್ಟಿನ ಕವರಿನ ಮೇಲೆ ಮಿಲಿಗೆ ಎಷ್ಟು ಹನಿ ಎಂದು ಇರುತ್ತದೆ, ನೋಡಿ ಲೆಕ್ಕ ಹಾಕಿ. ವೇಗ ಬದಲಿಸುವುದು ಮಾತ್ರ ಸಿಸ್ಟರ್ ಕೆಲಸ.

ನರ್ಸಿಂಗ್ ಅಸಿಸ್ಟೆಂಟ್, ಅಟೆಂಡರುಗಳಿಗೆ ನಿಶ್ಚಿಂತೆಯಿಂದ ಕೊಡಬಹುದಾದ ಕೆಲಸ ಸಾಕಷ್ಟಿದೆ: ಮೈ ಒರೆಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಾಸಿಗೆ, ತೂಕ, ಸ್ಥಿರವಾಗಿರುವವರ ಊಟ, ಸ್ಯಾಂಪಲ್ ಲ್ಯಾಬಿಗೆ ಮುಟ್ಟಿಸುವುದು, ಮೂತ್ರ ಅಳೆಯುವುದು. 14ನೇ ಬೆಡ್‌ನವರ ಮಗ್ಗುಲು ಬದಲಿಸಲು ಹೇಳುವಾಗ ಬಲವಿಲ್ಲದ ಕೈ ಹಿಡಿದು ಎಳೆಯಬಾರದೆಂದೂ, ಬೆನ್ನಿನ ಕೆಳಭಾಗ, ಹಿಮ್ಮಡಿ ಕೆಂಪಾಗಿದ್ದರೆ ತಿಳಿಸಬೇಕೆಂದೂ ಸೇರಿಸಿ.

ಮರದಿಂದ ಬಿದ್ದವರನ್ನು ಟ್ರಾಲಿಯಿಂದ ಹಾಸಿಗೆಗೆ ಸರಿಸುವ ಮುನ್ನ ಎಲ್ಲರನ್ನೂ ನಿಲ್ಲಿಸಿ. ಬೆನ್ನುಮೂಳೆ ಸರಿ ಇದೆ ಎಂದು ಡಾಕ್ಟರು ಹೇಳುವ ತನಕ ನಾಲ್ವರು ಬೇಕು. ತಲೆ ಹಿಡಿಯುವವರು ಸಿಸ್ಟರ್, ಎಣಿಕೆ ಹೇಳುವವರೂ ಅವರೇ. ಉಳಿದ ಮೂವರು ಭುಜ, ಸೊಂಟ, ಕಾಲು ಹಿಡಿದು ಅವರ “ಒಂದು, ಎರಡು, ಮೂರು” ಎಂಬ ಮಾತಿಗೆ ಒಟ್ಟಾಗಿ ಹೊರಳಿಸಬೇಕು. ಕಾಲಿನ ಕಡೆ ನಿಂತವರು ಎಣಿಸಿದರೆ ಕತ್ತು ಹಿಂದೆ ಉಳಿಯುತ್ತದೆ.

ವಯಸ್ಸಿನ ಮಾತೂ ಇದೆ. ನಿಮಗಿಂತ ಹದಿನೈದು ವರ್ಷ ಹೆಚ್ಚು ಅನುಭವವಿರುವ ಅಟೆಂಡರಿಗೆ ಹೊಸ ಸಿಸ್ಟರ್ ಕೆಲಸ ಹೇಳುವುದು ಸಲೀಸಲ್ಲ. ಅಕ್ಕ, ಅಣ್ಣ ಎಂದು ಮಾತಾಡಿಸಿ, ಆದರೆ ಕರೆಯಬೇಕಾದ ಅಂಕಿಯಲ್ಲಿ ಸಡಿಲ ಬೇಡ. ಆಗದು ಎಂದರೆ ಕಾರಣ ಕೇಳಿ. ಕೈತುಂಬ ಕೆಲಸವಿದ್ದರೆ ಒಂದನ್ನು ತೆಗೆದುಹಾಕಿ. ಮಾಡಲು ಗೊತ್ತಿಲ್ಲದಿದ್ದರೆ ಒಮ್ಮೆ ಜೊತೆಗೆ ಮಾಡಿ ತೋರಿಸಿ. ರೋಗಿಯ ಎದುರು ತಿದ್ದಬೇಡಿ. ಅವರು ಕರೆದು ನೀವು ಹೋದಾಗ ಏನೂ ಇರಲಿಲ್ಲವೆಂದರೂ “ಕರೆದದ್ದು ಒಳ್ಳೆಯದಾಯಿತು” ಎನ್ನಿ. ಒಮ್ಮೆ ಸಿಡುಕಿದರೆ ಮುಂದಿನ ಸಲ ಕರೆಯುವ ಮುನ್ನ ಅವರು ಅನುಮಾನಿಸುತ್ತಾರೆ, ಆ ಅನುಮಾನದ ಹತ್ತು ನಿಮಿಷ ತುಂಬ ದುಬಾರಿ.

ಕೈಬಿಡಬಾರದ ಕೆಲಸಗಳು

ಮೊದಲ ತಪಾಸಣೆ, ರಕ್ತನಾಳಕ್ಕೆ ಕೊಡುವ ಔಷಧಿ, ರಕ್ತ, ಇನ್ಸುಲಿನ್, ರೈಲ್ಸ್ ಟ್ಯೂಬ್ ಸರಿಯಾದ ಜಾಗದಲ್ಲಿದೆಯೇ ಎಂದು ನೋಡುವುದು, ಡಿಸ್‌ಚಾರ್ಜ್ ವಿವರಣೆ ಇವು ನೋಂದಾಯಿತ ನರ್ಸಿನ ಕೈಯಲ್ಲೇ ಇರಬೇಕು.

ಇನ್ಸುಲಿನ್‌ನಲ್ಲಿ ಎಡವುವುದು ಸಿರಿಂಜಿನಲ್ಲಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಮಿಲಿಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್. ಮಿಲಿಗೆ 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳದ 100ರ ಸಿರಿಂಜ್. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ತಿರುಗಾಮುರುಗಾ ಆದರೆ 10ರ ಬದಲು 4. ಬಾಟಲಿ, ಸಿರಿಂಜ್ ಎರಡನ್ನೂ ಒಟ್ಟಿಗೆ ಹಿಡಿದು ಇನ್ನೊಬ್ಬ ಸಿಸ್ಟರಿಗೆ ತೋರಿಸಿ, ಊಟ ಬಂದಿದೆಯೇ ಎಂದು ನೋಡಿ, ಆಮೇಲೆ ಕೊಡಿ.

ಪೊಟ್ಯಾಸಿಯಂ ಕ್ಲೋರೈಡಿನ 10 ಮಿಲಿ ಆಂಪ್ಯೂಲಿನಲ್ಲಿ (15%) ಸುಮಾರು 20 ಮಿಲಿಈಕ್ವಿವಲೆಂಟ್ (mEq) ಪೊಟ್ಯಾಸಿಯಂ ಇರುತ್ತದೆ. ನೇರವಾಗಿ ತಳ್ಳಿದರೆ ಹೃದಯ ನಿಲ್ಲುತ್ತದೆ. ಡಿಸ್ಟಿಲ್ಡ್ ವಾಟರ್ ಆಂಪ್ಯೂಲುಗಳ ಡಬ್ಬದ ಹತ್ತಿರ ಅದನ್ನು ಇಡಲೇಬಾರದು. ಬೇರೆ ಕಪಾಟು, ಬೀಗ, ಎರಡು ಸಹಿ. ಬಾಟಲಿಗೆ ಸೇರಿಸಿದ ಮೇಲೆ ತಲೆಕೆಳಗು ಮಾಡಿ ಚೆನ್ನಾಗಿ ಕಲಸಿ, ಹೆಸರು, ಪ್ರಮಾಣ, ಹೊತ್ತು ಬರೆದ ಲೇಬಲ್ ಅಂಟಿಸಿ.

ರಕ್ತ ಕೊಡುವಾಗ ಮೊದಲ 15 ನಿಮಿಷ ಪಕ್ಕದಿಂದ ಕದಲಬೇಡಿ. ಆ ಹೊತ್ತಿಗೆ ವಾರ್ಡನ್ನು ಇನ್ನೊಬ್ಬ ಸಿಸ್ಟರಿಗೆ ಬಾಯಿಮಾತಿನಲ್ಲಿ ಒಪ್ಪಿಸಿ. ಶುರುವಾದದ್ದು 4 ಗಂಟೆಯೊಳಗೆ ಮುಗಿಯಬೇಕು. ಆದ್ದರಿಂದ ತುರ್ತಿಲ್ಲದ ರಕ್ತವನ್ನು ಡ್ಯೂಟಿ ಬದಲಾಗುವ ಹೊತ್ತಿಗೆ ಏರಿಸದಿರುವುದೇ ಮೇಲು.

ಬೈಸ್ಟ್ಯಾಂಡರ್ ಮತ್ತು ಭಾಷೆ

ರೋಗಿಯ ಜೊತೆಗಿರುವ ಬೈಸ್ಟ್ಯಾಂಡರನ್ನು ಕೂಲಿಯಾಳಿನಂತೆ ಬಳಸಬೇಡಿ. ಆದರೆ ಅವರಿಗೆ ಗೊತ್ತಿರುವುದನ್ನು ಬಿಡಲೂಬೇಡಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರಿನಂಥ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಪಂಚಾಯತುಗಳಿಂದ ಹುಟ್ಟಿನಿಂದಲೇ ಮಾತಿಲ್ಲದ, ಎದ್ದು ನಡೆಯದ ಮಗನನ್ನು ಎತ್ತಿಕೊಂಡು ಬರುವ ತಾಯಿಗೆ ಅವನ ದಿನನಿತ್ಯದ ಎಚ್ಚರ ಯಾವುದು, ಇವತ್ತಿನ ಮಂಕು ಯಾವುದು ಎಂಬುದು ನಿಮಗಿಂತ ಚೆನ್ನಾಗಿ ಗೊತ್ತು. “ಇವನು ಯಾವಾಗಲೂ ಹೀಗೆಯೋ ಅಮ್ಮಾ, ಇವತ್ತು ಬೇರೆ ಇದ್ದಾನೋ?” ಎಂದು ಕೇಳಿ. ಬೇರೆ ಎಂದರೆ ಅದನ್ನು ಹೊಸ ಬದಲಾವಣೆ ಎಂದೇ ಬರೆದು ಡಾಕ್ಟರಿಗೆ ತಿಳಿಸಿ.

ಒಂದೇ ಸಾಲಿನಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ ಆಡುವವರು ಮಲಗಿರುತ್ತಾರೆ. ಸಿಸ್ಟರ್‌ಗಳಲ್ಲಿ ಎಷ್ಟೋ ಮಂದಿ ಕೇರಳದ ತೆಂಕಣ ಜಿಲ್ಲೆಗಳಿಂದ ಬಂದವರು. ಡ್ಯೂಟಿ ಪಟ್ಟಿ ಹಾಕುವವರು ಪ್ರತಿ ಪಾಳಿಯಲ್ಲಿ ಕನ್ನಡ ಅಥವಾ ತುಳು ಬಲ್ಲ ಒಬ್ಬರಾದರೂ ಇರುವಂತೆ ನೋಡಬೇಕು. ಹೆಂಗಸರ ಹೊಟ್ಟೆನೋವಿನ ಪ್ರಶ್ನೆಯನ್ನು ಶಾಲೆಗೆ ಹೋಗುವ ಮೊಮ್ಮಗನ ಮೂಲಕ ಕೇಳಿಸಿದರೆ ಸರಿಯಾದ ಉತ್ತರ ಬರುವುದಿಲ್ಲ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರಲ್ಲಿ ಅನೇಕರಿಗೆ ಮಲಯಾಳ ಅಕ್ಷರ ಓದಲು ಬಾರದು. ಮಾತ್ರೆಯ ಕವರಿನ ಮೇಲೆ “ಬೆಳಿಗ್ಗೆ 1, ರಾತ್ರಿ 1, ಊಟದ ನಂತರ” ಎಂದು ಕನ್ನಡದಲ್ಲೇ ಬರೆದು, “ಮನೆಗೆ ಹೋಗಿ ಹೇಗೆ ತೆಗೆದುಕೊಳ್ಳುತ್ತೀರಿ, ನನಗೊಮ್ಮೆ ಹೇಳಿ” ಎಂದು ಕೇಳಿ.

ಡಾಕ್ಟರಿಗೆ ಫೋನ್

ಫೋನ್ ಮಾಡುವ ಮುನ್ನ ಕೇಸ್‌ಶೀಟ್, ಈಗಿನ ಅಂಕಿಗಳು ಕೈಯಲ್ಲಿರಲಿ. ಯಾರು, ಏನಾಗಿದೆ, ಹಿಂದಿನದೇನು, ನಾನು ಕಂಡದ್ದೇನು, ನನಗೇನು ಬೇಕು. ಈ ಕ್ರಮದಲ್ಲಿ ಒಂದು ನಿಮಿಷದೊಳಗೆ ಮುಗಿಸಿ. “ಸರ್, ಮೆಡಿಕಲ್ ವಾರ್ಡ್ ಇನ್‌ಚಾರ್ಜ್. 3ನೇ ಬೆಡ್‌ನ ಡೆಂಗ್ಯೂ ರೋಗಿಗೆ ಶಾಕ್ ಶುರುವಾದಂತಿದೆ. 28 ವರ್ಷ, ಐದನೇ ದಿನ, ಬೆಳಿಗ್ಗೆ ಜ್ವರ ಬಿಟ್ಟಿದೆ. ಈಗ ಬಿಪಿ 100/84, ನಾಡಿ 112, ಕೈ ತಣ್ಣಗಿದೆ, ಹೊಟ್ಟೆನೋವಿದೆ. ನೀವು ಈಗಲೇ ಬಂದು ನೋಡಬೇಕು. ಬರುವ ತನಕ ಯಾವ ಡ್ರಿಪ್, ಎಷ್ಟು ವೇಗದಲ್ಲಿ ಬಿಡಲಿ?” ಮಲಯಾಳದಲ್ಲಿ ಹೇಳಿದರೂ ಕ್ರಮ ಇದೇ. “ಪೇಷೆಂಟ್ ಸ್ವಲ್ಪ ಡಲ್ ಇದ್ದಾರೆ” ಎಂದು ಶುರು ಮಾಡಿದರೆ ಆ ಕಡೆಯವರು ಅವಸರಪಡುವುದಿಲ್ಲ.

ಫೋನಿನಲ್ಲಿ ಹೇಳಿದ ಆರ್ಡರನ್ನು ಬರೆದುಕೊಂಡು ಮತ್ತೆ ಓದಿ ಹೇಳಿ, ಹೊತ್ತು ನಮೂದಿಸಿ. 15 ನಿಮಿಷದಲ್ಲಿ ಯಾರೂ ಬಾರದಿದ್ದರೆ ಮತ್ತೆ ಮಾಡಿ. ಆಗಲೂ ಇಲ್ಲವೆಂದರೆ ಮೇಲಿನ ಡಾಕ್ಟರಿಗೆ, ನರ್ಸಿಂಗ್ ಸೂಪರಿಂಟೆಂಡೆಂಟಿಗೆ ತಿಳಿಸಿ. ಪ್ರತಿ ಫೋನಿನ ಹೊತ್ತೂ ಕೇಸ್‌ಶೀಟಿನಲ್ಲಿರಲಿ.

ಮಂಗಳೂರಿಗೆ ಕಳುಹಿಸುವಾಗ

ರೆಫರ್ ಆಯಿತೆಂದರೆ ಜೊತೆಗೆ ಹೋಗುವವರು ಯಾರು ಎಂಬುದು ಆ ದಿನದ ದೊಡ್ಡ ಹಂಚಿಕೆ. ಒಬ್ಬ ಸಿಸ್ಟರ್ ಹೊರಟರೆ 23 ರೋಗಿಗಳಿಗೆ ಒಬ್ಬರೇ ಉಳಿಯುತ್ತಾರೆ. ಆಂಬುಲೆನ್ಸ್ ಬರುವ ಮೊದಲೇ ಸೂಪರಿಂಟೆಂಡೆಂಟಿಗೆ ಹೇಳಿ ಬೇರೆ ವಾರ್ಡಿನಿಂದ ಒಬ್ಬರನ್ನು ಕೇಳಿ, ಅವರು ಬಂದು ಹ್ಯಾಂಡೋವರ್ ತೆಗೆದುಕೊಂಡ ಮೇಲೆ ಕಳುಹಿಸಿ.

ಆಕ್ಸಿಜನ್ ಲೆಕ್ಕವನ್ನು ಡ್ರೈವರಿನ “ಫುಲ್ ಇದೆ” ಎಂಬ ಮಾತಿಗೆ ಬಿಡಬೇಡಿ. ‘ಬಿ’ ಸಿಲಿಂಡರಿನ ಗಾತ್ರ ಸುಮಾರು 10 ಲೀಟರ್. ಗೇಜಿನಲ್ಲಿ 100 ಬಾರ್ ಇದ್ದರೆ 100 × 10, ಅಂದರೆ 1,000 ಲೀಟರ್. ನಿಮಿಷಕ್ಕೆ 10 ಲೀಟರಿನಂತೆ 100 ನಿಮಿಷ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಮಳೆ, ರಸ್ತೆ ಕೆಲಸ, ಟ್ರಾಫಿಕ್ ಸೇರಿದರೆ ಒಂದೂವರೆ ಗಂಟೆಯೂ ಆದೀತು. ಅಂದಾಜು ಹೊತ್ತಿಗಿಂತ ಅರ್ಧದಷ್ಟಾದರೂ ಹೆಚ್ಚು ಇರಬೇಕು. ಆಗ 100 ಬಾರ್ ಸಾಲದು, ಎರಡನೇ ಸಿಲಿಂಡರ್ ಹತ್ತಿಸಿ. ಅಂಬು ಬ್ಯಾಗ್, ಮಾಸ್ಕ್, ಕಾಲಿನಿಂದ ತುಳಿಯುವ ಸಕ್ಷನ್, ಓಡುತ್ತಿರುವ ಎರಡು ಕ್ಯಾನುಲಾ, ಎಮರ್ಜೆನ್ಸಿ ಔಷಧಿ, ರಿಪೋರ್ಟುಗಳ ಪ್ರತಿ ನೋಡಿಯೇ ಬಾಗಿಲು ಹಾಕಿಸಿ. ಆ ಕಡೆಯ ಆಸ್ಪತ್ರೆಗೆ ಫೋನ್ ಮಾಡಿ ಹಾಸಿಗೆ ಇದೆ ಎಂದು ಖಾತ್ರಿಯಾಗದೆ ಹೊರಡಿಸಬೇಡಿ. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ದಾರಿಯಲ್ಲೇ ಸಿಕ್ಕಿಬಿದ್ದದ್ದು ಈ ಜಿಲ್ಲೆಗೆ ಗೊತ್ತು. ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜಿನ ನಂಬರೂ ಮೇಜಿನ ಗಾಜಿನ ಕೆಳಗೆ ಇರಲಿ.

ನಡುವೆ ಒಮ್ಮೆ, ಕೊನೆಗೆ ಒಮ್ಮೆ

ಡ್ಯೂಟಿಯ ಅರ್ಧದಲ್ಲಿ ಐದು ನಿಮಿಷ ನಾಲ್ವರೂ ಮೇಜಿನ ಹತ್ತಿರ ಸೇರಿ. ಹಾಳೆಯ ಮೂರು ಕಂಬಸಾಲುಗಳನ್ನು ಮತ್ತೆ ಬರೆಯಿರಿ. ಎರಡು ಗಂಟೆಗೆ ಕೊನೆಯಲ್ಲಿದ್ದ ಬೆಡ್ ಐದಕ್ಕೆ ಮೊದಲಿಗೆ ಬಂದಿರಬಹುದು. ಒಪ್ಪಿಸಿದ ಪ್ರತಿ ಕೆಲಸದ ಅಂಕಿ ಕೇಳಿ. “ಆಯಿತು” ಎಂಬ ಉತ್ತರ ಬಂದರೆ ಹಾಳೆ ತೋರಿಸಲು ಹೇಳಿ.

ರಾತ್ರಿ ಪಾಳಿಗೆ ಕೊಡುವಾಗ ಮೊದಲು 3, 20, 22ರ ಹತ್ತಿರ ಕರೆದುಕೊಂಡು ಹೋಗಿ, ಆಮೇಲೆ ಉಳಿದವರು. ರಾತ್ರಿ ಡ್ಯೂಟಿ ಒಟ್ಟು 12 ಗಂಟೆ ಉದ್ದ ಇರುವಲ್ಲಿ ಬೆಳಗಿನ ಜಾವ ಯಾರ ಮೂತ್ರ, ಯಾರ ಬಿಪಿ ನೋಡಬೇಕೆಂದು ಹೊತ್ತು ಸಮೇತ ಬರೆದುಕೊಡಿ. ಬಾಕಿ ಉಳಿದ ಕೆಲಸವನ್ನು ಮುಚ್ಚಿಡದೆ ಹೇಳಿ: “11ರ ಡ್ರೆಸ್ಸಿಂಗ್ ಆಗಲಿಲ್ಲ, 20ರ ಲ್ಯಾಬ್ ರಿಪೋರ್ಟ್ ಬಂದಿಲ್ಲ, ಎಂಟೂವರೆಗೆ ಲ್ಯಾಬಿಗೆ ಫೋನ್ ಮಾಡಿ.”